ಸಂಕೀರ್ಣ ಸಂಖ್ಯೆ: ಗೆರೆ ಬಿಟ್ಟು ಬಯಲಿಗೆ

‘ಅ + ಬಐ’ ರೂಪದಲ್ಲಿ ಬರೆಯಬಹುದಾದ ಸಂಖ್ಯೆಗೆ ಸಂಕೀರ್ಣ ಸಂಖ್ಯೆ ಎಂದು ಹೆಸರು. ಇದರಲ್ಲಿ ಅ, ಬ ಎರಡೂ ವಾಸ್ತವ ಸಂಖ್ಯೆಗಳು. ಐ ಎಂಬುದನ್ನು ಅದರಿಂದಲೇ ಗುಣಿಸಿದರೆ −1 ಬರುತ್ತದೆ. ಪಠ್ಯಪುಸ್ತಕ ಇದನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಅಚ್ಚು ಮಾಡುತ್ತದೆ. ಈ ಲೇಖನದಲ್ಲಿ ಬಾಯಲ್ಲಿ ಹೇಳುವ ಹಾಗೆಯೇ ‘ಐ’ ಎಂದು ಬರೆದಿದೆ. ಅಜ್ಞಾತ ಸಂಖ್ಯೆಗೆ, ಕ್ಷ-ಕಿರಣ ಎನ್ನುವಾಗಿನ ‘ಕ್ಷ’ವನ್ನೇ ಬಳಸಿದೆ.

ಪ್ರಥಮ ಪಿಯುಸಿ ಗಣಿತದಲ್ಲಿ ಈ ಅಧ್ಯಾಯ ವರ್ಗ ಸಮೀಕರಣಗಳ ಜೊತೆಯಲ್ಲಿ ಬರುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕಿನ ಊರುಗಳಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಲೆಕ್ಕ ಕಲಿತು, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರಿಗೆ ಇಲ್ಲಿ ಎರಡು ತೊಡಕು ಒಟ್ಟಿಗೆ ಎದುರಾಗುತ್ತವೆ. ಪಾಠದ ಭಾಷೆ ಹೊಸದು. ಜೊತೆಗೆ ‘ಇಮ್ಯಾಜಿನರಿ’, ಅಂದರೆ ಕಾಲ್ಪನಿಕ, ಎಂಬ ಹೆಸರು ಕೇಳಿದೊಡನೆ ಇದು ಇಲ್ಲದ್ದನ್ನು ಇದೆ ಎಂದು ಒಪ್ಪಿಸುವ ಲೆಕ್ಕ ಎನಿಸಿಬಿಡುತ್ತದೆ. ಹೆಸರನ್ನು ಬದಿಗಿಟ್ಟು ಕೆಲಸ ನೋಡಿದರೆ ಐ ಮಾಡುವುದು ಬಹಳ ಸರಳವಾದ ಒಂದು ಕೆಲಸ: ಅದು ತಿರುಗಿಸುತ್ತದೆ.

ಶೋಧಕ ಋಣವಾದಾಗ

ನಿಮ್ಮ ಬಳಿ 20 ಮಾರು ಹಗ್ಗ ಇದೆ. ಅದನ್ನು ಆಯತಾಕಾರವಾಗಿ ಎಳೆದು, ಒಳಗೆ 40 ಚದರ ಮಾರು ಜಾಗ ಸಿಗುವಂತೆ ಮಾಡಬೇಕು. ಉದ್ದ ಅಗಲ ಕೂಡಿದರೆ 10, ಗುಣಿಸಿದರೆ 40. ಸಮೀಕರಣ ಹೀಗಾಗುತ್ತದೆ:

ಕ್ಷ² − 10ಕ್ಷ + 40 = 0

ಹತ್ತನೇ ತರಗತಿಯ ಸೂತ್ರದಂತೆ ಶೋಧಕ 100 − 160 = −60. ಶೋಧಕ ಋಣವಾದರೆ ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ಉತ್ತರ ಮುಗಿಸುವುದು ರೂಢಿ. ಹಗ್ಗದ ಲೆಕ್ಕಕ್ಕೆ ಅದು ಸರಿಯಾದ ಉತ್ತರವೇ. 20 ಮಾರು ಹಗ್ಗದಲ್ಲಿ ಅತಿ ಹೆಚ್ಚು ಜಾಗ ಸಿಗುವುದು 5ಕ್ಕೆ 5ರ ಚೌಕದಲ್ಲಿ, ಅದೂ 25 ಚದರ ಮಾರು ಮಾತ್ರ.

ಆದರೂ ಸೂತ್ರವನ್ನು ನಿಲ್ಲಿಸದೆ ಮುಂದುವರಿಸಿದರೆ 5 + √−15 ಮತ್ತು 5 − √−15 ಎಂಬ ಎರಡು ಮೂಲ ಬರುತ್ತವೆ. ಕೂಡಿ: 10. ಗುಣಿಸಿ: 25 − (−15) = 40. ಎರಡು ಷರತ್ತೂ ಪಾಸಾದವು. ಹಗ್ಗಕ್ಕೆ ಒಗ್ಗದ ಉತ್ತರ ಬೀಜಗಣಿತಕ್ಕೆ ಒಗ್ಗಿತು. ಇಟಲಿಯ ಕಾರ್ಡಾನೊ 1545ರಲ್ಲಿ ತನ್ನ ‘ಆರ್ಸ್ ಮ್ಯಾಗ್ನಾ’ ಗ್ರಂಥದಲ್ಲಿ ಇಟ್ಟುಕೊಂಡದ್ದೂ ಇದೇ 10 ಮತ್ತು 40ರ ಲೆಕ್ಕ. ಉತ್ತರವನ್ನು ತಾಳೆ ನೋಡಿದ ಅವನಿಗೂ ಅದರ ಉಪಯೋಗದ ಬಗ್ಗೆ ನಂಬಿಕೆ ಹುಟ್ಟಲಿಲ್ಲ.

ಮಾನ್ಯಖೇಟದಿಂದ ಬೊಲೋನಾಗೆ

ಋಣ ಸಂಖ್ಯೆಯ ವರ್ಗಮೂಲದ ಪ್ರಶ್ನೆ ಕರ್ನಾಟಕದ ನೆಲದಲ್ಲಿ ಅದಕ್ಕಿಂತ ಸುಮಾರು 700 ವರ್ಷ ಮೊದಲೇ ಎದ್ದಿತ್ತು. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದ ನಡುವಿನಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಧನದ ವರ್ಗವೂ ಋಣದ ವರ್ಗವೂ ಧನವೇ. ಋಣ ತನ್ನ ಸ್ವಭಾವದಿಂದ ಯಾವುದರ ವರ್ಗವೂ ಆಗಲಾರದು, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂಬುದು ಅವರ ನಿಲುವು. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರೂ ಬೀಜಗಣಿತದಲ್ಲಿ ಇದನ್ನೇ ಹೇಳಿದರು. ಮಹಾವೀರಾಚಾರ್ಯರ ಗ್ರಂಥವನ್ನು ಕನ್ನಡ ಅನುವಾದದಲ್ಲೂ ಓದಬಹುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಪ್ರಾಧ್ಯಾಪಕಿಯಾಗಿದ್ದ ಪದ್ಮಾವತಮ್ಮ ಅವರು ಮಾಡಿದ ಆ ಅನುವಾದ 2000ದಲ್ಲಿ, ನ್ಯಾಮತಿಗೆ ನೆರೆಯಾದ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಪ್ರಕಟವಾಯಿತು.

ಮಹಾವೀರಾಚಾರ್ಯರ ಮಾತು ಇಂದಿಗೂ ತಪ್ಪಾಗಿಲ್ಲ. ಸಂಖ್ಯಾರೇಖೆಯ ಮೇಲೆ ಎಲ್ಲಿ ಹುಡುಕಿದರೂ −1ರ ವರ್ಗಮೂಲ ಸಿಗದು. ಪ್ರಶ್ನೆ ಉಳಿದದ್ದು ಬೇರೆ: ಸಂಖ್ಯೆಗಳೆಲ್ಲ ಆ ಗೆರೆಯ ಮೇಲೆಯೇ ಇರಬೇಕೆ?

ಗೆರೆ ಬಿಟ್ಟು ಹೊರಬರಲು ಒತ್ತಾಯ ಮಾಡಿದ್ದು ವರ್ಗ ಸಮೀಕರಣವಲ್ಲ, ಘನ ಸಮೀಕರಣ. ಕ್ಷ³ = 15ಕ್ಷ + 4 ಎಂಬುದನ್ನು ನೋಡಿ. ಕ್ಷ = 4 ಹಾಕಿದರೆ 64 = 60 + 4; ಉತ್ತರ ಕಣ್ಣೆದುರಿಗೇ ಇದೆ. ಆದರೆ ಕಾರ್ಡಾನೊ ಗ್ರಂಥದ ಸೂತ್ರ ಹಾಕಿದರೆ 2 + √−121 ಮತ್ತು 2 − √−121ರ ಘನಮೂಲಗಳ ಮೊತ್ತ ಎಂದು ಉತ್ತರ ಬರುತ್ತದೆ. ವಾಸ್ತವ ಮೂಲ ಇಲ್ಲ ಎಂದು ಇಲ್ಲಿ ಕೈಚೆಲ್ಲುವಂತಿಲ್ಲ, ಏಕೆಂದರೆ 4 ಇದೆ. ಬೊಲೋನಾದ ರಫಾಯೆಲ್ ಬೊಂಬೆಲ್ಲಿ 1572ರಲ್ಲಿ ಪ್ರಕಟಿಸಿದ ಬೀಜಗಣಿತದ ಪುಸ್ತಕದಲ್ಲಿ ಈ ಗಂಟು ಬಿಡಿಸಿದ. 2 + ಐ ಎಂಬುದರ ಘನ ಮಾಡಿ:

(2 + ಐ)³ = 8 + 12ಐ + 6ಐ² + ಐ³ = 8 + 12ಐ − 6 − ಐ = 2 + 11ಐ

11ಐ ಎಂದರೆ √−121. ಹಾಗಾದರೆ ಘನಮೂಲಗಳು 2 + ಐ ಮತ್ತು 2 − ಐ; ಕೂಡಿದರೆ ಐ ಅಳಿಸಿಹೋಗಿ 4 ಉಳಿಯುತ್ತದೆ. ವಾಸ್ತವದಿಂದ ಹೊರಟು ವಾಸ್ತವಕ್ಕೇ ಬಂದು ಸೇರುವ ದಾರಿ ನಡುವೆ ಗೆರೆಯಾಚೆಗೆ ಹೋಗಿ ಬಂದಿತ್ತು.

‘ಇಮ್ಯಾಜಿನರಿ’ ಎಂಬ ಹೆಸರು ಅಂಟಿದ್ದು ಆಮೇಲೆ, 1637ರಲ್ಲಿ ಫ್ರಾನ್ಸಿನ ದೆಕಾರ್ತ್ ಬರವಣಿಗೆಯಿಂದ. ಐ ಚಿಹ್ನೆ ಆಯ್ಲರ್ 1777ರಲ್ಲಿ ಬಳಸಿದ್ದು. ‘ಕಾಂಪ್ಲೆಕ್ಸ್’ ಎಂಬ ಪದವನ್ನು 1831ರಲ್ಲಿ ನೆಲೆಗೊಳಿಸಿದವನು ಗೌಸ್.

ಐ ಎಂದರೆ ಕಾಲು ಸುತ್ತು

‘ಋಣ’ ಎಂದರೆ ಸಾಲ. ಸಾಲದ ಲೆಕ್ಕವಿದ್ದ ನಾಡಿನಲ್ಲಿ ಋಣ ಸಂಖ್ಯೆ ಅಷ್ಟೇನೂ ವಿಚಿತ್ರವಾಗಿ ಕಾಣಲಿಲ್ಲ. ಬ್ರಹ್ಮಗುಪ್ತರು 628ರಲ್ಲಿಯೇ ಧನ, ಋಣ, ಶೂನ್ಯಗಳಿಗೆ ನಿಯಮ ಬರೆದಿದ್ದರು. ಕೈಯಲ್ಲಿರುವ 5 ರೂಪಾಯಿಯನ್ನು −1ರಿಂದ ಗುಣಿಸಿದರೆ 5 ರೂಪಾಯಿ ಸಾಲ. ಸಂಖ್ಯಾರೇಖೆಯಲ್ಲಿ ನೋಡಿದರೆ, ಸೊನ್ನೆಯ ಬಲಕ್ಕಿದ್ದ ಬಿಂದು ಎಡಕ್ಕೆ ಹೋಯಿತು. ಅಂದರೆ −1ರಿಂದ ಗುಣಿಸುವುದು ಸೊನ್ನೆಯಲ್ಲಿ ನಿಂತು ಹಿಂದಕ್ಕೆ ತಿರುಗಿದಂತೆ, 180 ಡಿಗ್ರಿಯ ಅರ್ಧ ಸುತ್ತು. ಎರಡು ಸಲ ತಿರುಗಿದರೆ ಮೊದಲಿದ್ದ ದಿಕ್ಕಿಗೇ ಮುಖ: (−1) × (−1) = 1.

ಈಗ ಪ್ರಶ್ನೆ ಹೀಗೆ ಕೇಳಿ: ಎರಡು ಸಲ ಮಾಡಿದರೆ ಅರ್ಧ ಸುತ್ತಾಗುವ ಕೆಲಸ ಯಾವುದು? ಕಾಲು ಸುತ್ತು, 90 ಡಿಗ್ರಿ. ಐ × ಐ = −1 ಎಂಬುದರ ಅರ್ಥ ಇಷ್ಟೇ. ಕಾಲು ಸುತ್ತು ತಿರುಗಿದವನ ಮುಖ ಗೆರೆಯ ಮೇಲಿರುವುದಿಲ್ಲ, ಗೆರೆಗೆ ಅಡ್ಡಲಾಗಿರುತ್ತದೆ. ಗೆರೆಯ ಮೇಲೆ ಹುಡುಕಿದವರಿಗೆ ಐ ಸಿಗದೆ ಹೋದದ್ದು ಇದಕ್ಕೇ.

ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕನ ಕಾಲದ, 16ನೇ ಶತಮಾನದ ಪುಷ್ಕರಣಿ ಇದೆ. ನೀರಿನ ನಡುವೆ ವಸಂತ ಮಂಟಪ. ಆ ಮಂಟಪದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೀರಿ ಎಂದುಕೊಳ್ಳಿ, ಪೂರ್ವ 1. ಎಡಕ್ಕೆ ಕಾಲು ಸುತ್ತು ತಿರುಗಿದರೆ ಉತ್ತರ, ಐ. ಇನ್ನೊಂದು ಕಾಲು ಸುತ್ತು: ಪಶ್ಚಿಮ, ಐ² = −1. ಮತ್ತೊಂದು: ದಕ್ಷಿಣ, ಐ³ = −ಐ. ನಾಲ್ಕನೆಯದಕ್ಕೆ ಮತ್ತೆ ಪೂರ್ವ, ಐ⁴ = 1. ಇದರಿಂದ ಐ⁴⁷ ಎಷ್ಟೆಂದು ಬಾಯಿಲೆಕ್ಕದಲ್ಲೇ ಹೇಳಬಹುದು. 47ನ್ನು 4ರಿಂದ ಭಾಗಿಸಿದರೆ ಶೇಷ 3, ಆದ್ದರಿಂದ −ಐ.

ಒಂದು ಎಚ್ಚರ: ಗಣಿತ ಧನವೆಂದು ಎಣಿಸುವ ತಿರುವು ಗುಡಿಯ ಪ್ರದಕ್ಷಿಣೆಗೆ ಉಲ್ಟಾ, ಅಪ್ರದಕ್ಷಿಣೆಯ ದಿಕ್ಕು. ಪ್ರದಕ್ಷಿಣೆ ಹಾಕಬೇಕೆಂದರೆ −ಐನಿಂದ ಗುಣಿಸಬೇಕು.

ನಾಲ್ಕು ತಾಲೂಕು, ನಾಲ್ಕು ಸಂಖ್ಯೆ

ಅಡ್ಡಗೆರೆಯಲ್ಲಿ ವಾಸ್ತವ ಭಾಗ, ಉದ್ದಗೆರೆಯಲ್ಲಿ ಐ ಭಾಗ ಗುರುತಿಸಿದರೆ ಪ್ರತಿಯೊಂದು ಸಂಕೀರ್ಣ ಸಂಖ್ಯೆಯೂ ಬಯಲಿನ ಒಂದು ಬಿಂದು. ನಾರ್ವೆ ಮೂಲದ ಭೂಮಾಪಕ ವೆಸೆಲ್ 1797ರಲ್ಲಿ, ಆರ್ಗಾಂಡ್ 1806ರಲ್ಲಿ ಬೇರೆಬೇರೆಯಾಗಿ ಈ ಚಿತ್ರ ಕೊಟ್ಟರು. ಪಠ್ಯದಲ್ಲಿ ಇದು ಆರ್ಗಾಂಡ್ ಸಮತಲ. ಇದನ್ನು ಮೊದಲು ಕಂಡವನು ನೆಲ ಅಳೆಯುವ ಉದ್ಯೋಗದವನು ಎಂಬುದು ಆಕಸ್ಮಿಕವಲ್ಲ. ಇದು ನಕ್ಷೆಯ ಲೆಕ್ಕವೇ.

ಗ್ರಾಫ್ ಹಾಳೆಯಲ್ಲಿ ದಾವಣಗೆರೆಯನ್ನು ಸೊನ್ನೆಯಲ್ಲಿಡಿ. ಪೂರ್ವ ಧನ, ಪಶ್ಚಿಮ ಋಣ. ಉತ್ತರ +ಐ, ದಕ್ಷಿಣ −ಐ. ಒಂದು ಮಾನ ಎಂದರೆ ಒಂದು ಕಿಲೋಮೀಟರ್. ನಕ್ಷೆಯ ನೇರ ದೂರವನ್ನು ಸ್ಥೂಲವಾಗಿ ತೆಗೆದುಕೊಂಡರೆ (ಬಸ್ಸಿನ ದಾರಿ ಇದಕ್ಕಿಂತ ಹೆಚ್ಚೇ ಇರುತ್ತದೆ) ನಾಲ್ಕು ಊರುಗಳು ಹೀಗೆ ಬರುತ್ತವೆ:

- ಚನ್ನಗಿರಿ: −48ಐ
- ಜಗಳೂರು: 45 + 6ಐ
- ಹೊನ್ನಾಳಿ: −28 − 24ಐ
- ನ್ಯಾಮತಿ: −38 − 35ಐ

ಚನ್ನಗಿರಿ ದಾವಣಗೆರೆಗೆ ಹೆಚ್ಚುಕಡಿಮೆ ನೇರ ದಕ್ಷಿಣದಲ್ಲಿದೆ. ಹಾಗಾಗಿ ಅದರ ವಾಸ್ತವ ಭಾಗ ಸೊನ್ನೆ, ಅದು ‘ಶುದ್ಧ ಕಾಲ್ಪನಿಕ’ ಸಂಖ್ಯೆ. ಊರು ಮಾತ್ರ ಅಡಿಕೆ ತೋಟ, ಸಂತೆ, ಬಸ್‌ಸ್ಟ್ಯಾಂಡ್ ಸಮೇತ ಅಲ್ಲೇ ಇದೆ. ಕಾಲ್ಪನಿಕ ಎಂಬ ಪದ ಇಲ್ಲಿ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. ಅದು ಹೇಳುತ್ತಿರುವುದು ‘ಅಡ್ಡಗೆರೆಯ ಮೇಲಿಲ್ಲ’ ಎಂಬಷ್ಟನ್ನೇ.

ಈಗ ಚನ್ನಗಿರಿಯನ್ನು ಐನಿಂದ ಗುಣಿಸಿ: −48ಐ × ಐ = −48ಐ² = 48. ದಾವಣಗೆರೆಯಿಂದ ನೇರ ಪೂರ್ವಕ್ಕೆ 48 ಕಿಲೋಮೀಟರ್. ಹೋಗಿ ಬಿದ್ದದ್ದು ಜಗಳೂರಿನ ಆಸುಪಾಸಿನಲ್ಲಿ. ಮಲೆನಾಡಿನ ಸೆರಗಿನ ತೋಟದ ಸೀಮೆಯಿಂದ ಬಯಲುಸೀಮೆಯ ಬೆದ್ದಲಿಗೆ ಒಂದೇ ಗುಣಾಕಾರ.

ಕೂಡು, ಕಳೆ, ಗುಣಿಸು

ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗಿ ಹೊನ್ನಾಳಿಯ ಪಕ್ಕ ಹರಿಯುತ್ತದೆ. ಹೆಸರು ಎರಡು, ಹೊಳೆ ಒಂದು. 3 + 4ಐ ಕೂಡ ಹಾಗೆಯೇ ಎರಡು ಭಾಗದ ಒಂದೇ ಸಂಖ್ಯೆ. ವ್ಯತ್ಯಾಸ ಒಂದಿದೆ: ಕೂಡಲಿಯ ಕೆಳಗೆ ತುಂಗೆಯ ನೀರನ್ನು ಭದ್ರೆಯಿಂದ ಬೇರ್ಪಡಿಸಲಾಗದು, ಆದರೆ 3 + 4ಐನಲ್ಲಿ ಎರಡು ಭಾಗಗಳು ಎಂದೂ ಬೆರೆಯುವುದಿಲ್ಲ. ಇದನ್ನು 7ಐ ಎಂದು ಬರೆಯುವುದು ಮೊದಲ ವಾರದ ಸಾಮಾನ್ಯ ತಪ್ಪು. ಎರಡು ಸಂಕೀರ್ಣ ಸಂಖ್ಯೆ ಸಮ ಎಂದರೆ ವಾಸ್ತವ ಭಾಗಕ್ಕೆ ವಾಸ್ತವ ಭಾಗ, ಐ ಭಾಗಕ್ಕೆ ಐ ಭಾಗ ಸಮ.

ಹಾಗಾಗಿ ಕೂಡುವುದು, ಕಳೆಯುವುದು ಭಾಗಭಾಗವಾಗಿ. ಹೊನ್ನಾಳಿಯಿಂದ ಜಗಳೂರಿಗೆ ಎಷ್ಟು ದೂರ? ಜಗಳೂರಿನಿಂದ ಹೊನ್ನಾಳಿಯನ್ನು ಕಳೆಯಿರಿ:

(45 + 6ಐ) − (−28 − 24ಐ) = 73 + 30ಐ

ಪೂರ್ವಕ್ಕೆ 73, ಉತ್ತರಕ್ಕೆ 30. ನೇರ ದೂರ ಪೈಥಾಗೊರಸ್ ಪ್ರಮೇಯದಿಂದ √(73² + 30²), ಸುಮಾರು 79 ಕಿಲೋಮೀಟರ್.

ಗುಣಾಕಾರ ಮಾಮೂಲಿ ಆವರಣ ಬಿಡಿಸುವ ಕ್ರಮ. ಐ² ಬಂದಲ್ಲಿ −1 ಹಾಕಬೇಕು ಅಷ್ಟೇ. (2 + 3ಐ)(1 + 4ಐ) = 2 + 8ಐ + 3ಐ + 12ಐ² = −10 + 11ಐ.

ನೀರಿನಲ್ಲಿ ಬಿಂಬ: ಕಾಂಜುಗೇಟ್

ನೀರು ತುಂಬಿದ ದಿನ ಸಂತೇಬೆನ್ನೂರಿನ ಮಂಟಪ ತಲೆಕೆಳಗಾಗಿ ಕೊಳದಲ್ಲಿ ಕಾಣುತ್ತದೆ. ನೀರಿನ ಮಟ್ಟವನ್ನು ವಾಸ್ತವ ಗೆರೆ ಎಂದುಕೊಂಡರೆ, 3 + 4ಐ ಎಂಬ ತುದಿಯ ಬಿಂಬ 3 − 4ಐ. ಐ ಭಾಗದ ಚಿಹ್ನೆ ಮಾತ್ರ ಬದಲಾದ ಈ ಜೋಡಿಯೇ ಕಾಂಜುಗೇಟ್. ಸಂಖ್ಯೆಯನ್ನು ಅದರ ಬಿಂಬದಿಂದ ಗುಣಿಸಿದರೆ ಐ ಮಾಯವಾಗುತ್ತದೆ: (3 + 4ಐ)(3 − 4ಐ) = 9 + 16 = 25.

ಭಾಗಾಕಾರಕ್ಕೆ ಇದೇ ಉಪಾಯ. ಒಂಬತ್ತನೇ ತರಗತಿಯಲ್ಲಿ ಛೇದದ ಕರಣಿ ತೆಗೆಯಲು ಮಾಡಿದ್ದನ್ನೇ ಇಲ್ಲಿ ಐ ತೆಗೆಯಲು ಮಾಡುತ್ತೇವೆ. (3 + 4ಐ) ÷ (1 + 2ಐ) ಬೇಕಾದರೆ ಮೇಲೆ ಕೆಳಗೆ 1 − 2ಐನಿಂದ ಗುಣಿಸಿ. ಕೆಳಗೆ 1 + 4 = 5, ಮೇಲೆ 3 − 6ಐ + 4ಐ + 8 = 11 − 2ಐ. ಉತ್ತರ 11/5 − (2/5)ಐ.

ವಾಸ್ತವ ಸಹಗುಣಕಗಳ ವರ್ಗ ಸಮೀಕರಣಕ್ಕೆ ಸಂಕೀರ್ಣ ಮೂಲ ಬಂದರೆ ಅದು ಯಾವಾಗಲೂ ಬಿಂಬದ ಜೊತೆಯಲ್ಲೇ ಬರುತ್ತದೆ. ಹಗ್ಗದ ಲೆಕ್ಕದ 5 + √15ಐ, 5 − √15ಐ ಅಂಥ ಜೋಡಿ. ಬಹುಪದ ಸಮೀಕರಣ ಎಷ್ಟನೇ ಘಾತದ್ದಾದರೂ ಅದರ ಎಲ್ಲ ಮೂಲಗಳೂ ಈ ಬಯಲಿನಲ್ಲಿ ಸಿಕ್ಕೇ ಸಿಗುತ್ತವೆ, ಇನ್ನೊಂದು ಹೊಸ ಬಗೆಯ ಸಂಖ್ಯೆ ಬೇಕಾಗುವುದಿಲ್ಲ. ಬೀಜಗಣಿತದ ಮೂಲ ಪ್ರಮೇಯ ಎನ್ನುವುದು ಇದನ್ನೇ. ಗೌಸ್ 1799ರ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಎತ್ತಿಕೊಂಡ ವಿಷಯ ಇದು.

ದೂರ ಮತ್ತು ದಿಕ್ಕು

ಊರೆಲ್ಲಿದೆ ಎಂದು ಕೇಳಿದರೆ ‘ಇಷ್ಟು ಪೂರ್ವ, ಇಷ್ಟು ಉತ್ತರ’ ಎಂದು ಯಾರೂ ಹೇಳುವುದಿಲ್ಲ. ಕೈ ಚಾಚಿ ‘ಈ ಕಡೆ, ಇಷ್ಟು ದೂರ’ ಎನ್ನುತ್ತಾರೆ. ಸಂಕೀರ್ಣ ಸಂಖ್ಯೆಯನ್ನೂ ಹೀಗೆ ಹೇಳಬಹುದು. ಸೊನ್ನೆಯಿಂದ ಇರುವ ದೂರ ಮಾಡ್ಯುಲಸ್. ಪೂರ್ವದಿಂದ ಅಳೆದ ಕೋನ ಆರ್ಗ್ಯುಮೆಂಟ್. ಉತ್ತರದ ಕಡೆಗೆ ತಿರುಗಿದರೆ ಕೋನ ಧನ, ದಕ್ಷಿಣದ ಕಡೆಗೆ ತಿರುಗಿದರೆ ಋಣ. ಅದನ್ನು −180 ಡಿಗ್ರಿಯಿಂದ 180 ಡಿಗ್ರಿಯೊಳಗೆ ಹೇಳುವುದು ಪದ್ಧತಿ.

ನ್ಯಾಮತಿಯ ಮಾಡ್ಯುಲಸ್ √(38² + 35²), ಸುಮಾರು 52. ಆರ್ಗ್ಯುಮೆಂಟ್ ತೆಗೆಯುವಾಗ ಎಡವುವವರು ಬಹಳ. −35ನ್ನು −38ರಿಂದ ಭಾಗಿಸಿದರೆ ಎರಡು ಋಣ ಚಿಹ್ನೆಯೂ ಹೊಡೆದುಹೋಗಿ, ಕ್ಯಾಲ್ಕುಲೇಟರ್ ಸುಮಾರು 43 ಡಿಗ್ರಿ ತೋರಿಸುತ್ತದೆ. ಅದನ್ನು ನಂಬಿ ದಾವಣಗೆರೆಯಿಂದ ಹೊರಟರೆ ಈಶಾನ್ಯಕ್ಕೆ ಹೋಗುತ್ತೀರಿ; ನ್ಯಾಮತಿ ಇರುವುದು ನೈಋತ್ಯದಲ್ಲಿ. ಬಿಂದು ಯಾವ ಚತುರ್ಥಕದಲ್ಲಿದೆ ಎಂದು ಮೊದಲು ಗುರುತಿಸಿ, 43ರಿಂದ 180 ಕಳೆದು, −137 ಡಿಗ್ರಿ ಎನ್ನಬೇಕು. ಹೊನ್ನಾಳಿಯದು ಸುಮಾರು −139 ಡಿಗ್ರಿ. ದಾವಣಗೆರೆಯಿಂದ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ನೇರದಲ್ಲಿವೆ: ದಿಕ್ಕು ಒಂದೇ, ಮಾಡ್ಯುಲಸ್ ಬೇರೆ.

ಈ ರೂಪದಲ್ಲಿ ಗುಣಾಕಾರದ ಗುಟ್ಟು ಬಯಲಾಗುತ್ತದೆ. ದೂರ ದೂರವನ್ನು ಗುಣಿಸಬೇಕು, ಕೋನ ಕೋನವನ್ನು ಕೂಡಬೇಕು. 1 + ಐನ ದೂರ √2, ಕೋನ 45 ಡಿಗ್ರಿ. ಅದರ ವರ್ಗದ ದೂರ 2, ಕೋನ 90 ಡಿಗ್ರಿ, ಅಂದರೆ 2ಐ. ಆವರಣ ಬಿಡಿಸಿ ನೋಡಿದರೂ 1 + 2ಐ − 1 = 2ಐ. ಘಾತ ಎಷ್ಟಿದ್ದರೂ ಕೋನವನ್ನು ಅಷ್ಟರಿಂದ ಗುಣಿಸಿದರಾಯಿತು. ಡಿ ಮ್ವಾವ್ರನ ಪ್ರಮೇಯದ ತಿರುಳು ಇದೇ.

ತ್ರೀ ಫೇಸ್ ಮೋಟಾರಿನೊಳಗೆ

ತಿರುವಿನ ಲೆಕ್ಕ ಬೇಕಾಗುವುದು ತಿರುಗುವ ವಸ್ತುವಿರುವಲ್ಲಿ. ತೋಟದ ಕೊಳವೆಬಾವಿಗೆ ಇಳಿಸಿರುವ ಮೋಟಾರ್ ತ್ರೀ ಫೇಸ್ ಕರೆಂಟಿಗೆ ಕಾಯುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನ ಹಾಕುತ್ತದೆ. ಮೂರು ಫೇಸ್‌ಗಳು ಒಂದರ ಹಿಂದೊಂದು ಮೂರನೇ ಒಂದು ಸುತ್ತಿನಷ್ಟು, 120 ಡಿಗ್ರಿ, ಹಿಂದಿರುತ್ತವೆ. ಬಯಲಿನಲ್ಲಿ ಬರೆದರೆ ಅವು ಕ್ಷ³ = 1ರ ಮೂರು ಮೂಲಗಳು: 1, ಮತ್ತು ಗಣಿತದಲ್ಲಿ ಒಮೆಗಾ, ಒಮೆಗಾ ವರ್ಗ ಎಂದು ಕರೆಯುವ (−1 + √3ಐ)/2, (−1 − √3ಐ)/2. ಮೂರನ್ನೂ ಕೂಡಿ ನೋಡಿ: 1 − ½ − ½ = 0, ಐ ಭಾಗಗಳೂ ಹೊಡೆದುಹೋಗುತ್ತವೆ. ಮೂರು ಫೇಸ್ ಮೇಲೂ ಹೊರೆ ಸಮನಾಗಿದ್ದರೆ ನ್ಯೂಟ್ರಲ್ ತಂತಿಯಲ್ಲಿ ಕರೆಂಟ್ ಹರಿಯದಿರುವುದು ಈ ಸೊನ್ನೆಯಿಂದ.

ಮೋಟಾರಿನ ತಂತಿ ಸುರುಳಿ ಕರೆಂಟನ್ನು ವೋಲ್ಟೇಜಿಗಿಂತ ಹಿಂದೆ ಎಳೆಯುತ್ತದೆ. ಕಂಡೆನ್ಸರ್ ಮುಂದೆ ತಳ್ಳುತ್ತದೆ. 1893ರಲ್ಲಿ ಸ್ಟೈನ್‌ಮೆಟ್ಜ್ ಎಂಬ ಎಂಜಿನಿಯರ್ ಈ ಹಿಂದುಮುಂದನ್ನು ಸಂಕೀರ್ಣ ಸಂಖ್ಯೆಯಲ್ಲಿ ಬರೆಯುವ ವಿಧಾನ ಮಂಡಿಸಿದ. ಕರೆಂಟಿಗೆ ಐ ಚಿಹ್ನೆ ಮೊದಲೇ ಬಳಕೆಯಲ್ಲಿದ್ದುದರಿಂದ ವಿದ್ಯುತ್ ಎಂಜಿನಿಯರುಗಳು ಇದಕ್ಕೆ ‘ಜೆ’ ಎನ್ನುತ್ತಾರೆ. ಒಂದು ಸುರುಳಿಯ ರೋಧ 4 ಓಮ್, ಸುರುಳಿಯ ಗುಣದಿಂದ ಬರುವ ತಡೆ 3 ಓಮ್ ಎಂದಾದರೆ ಒಟ್ಟು 4 + 3ಜೆ. ಮಾಡ್ಯುಲಸ್ 5 ಓಮ್. ಪವರ್ ಫ್ಯಾಕ್ಟರ್ 4/5, ಅಂದರೆ 0.8. ಕಂಡೆನ್ಸರಿನ ತಡೆಗೆ ಋಣ ಜೆ ಇರುವುದರಿಂದ ಅದು ಸುರುಳಿಯ ಪರಿಣಾಮವನ್ನು ತಗ್ಗಿಸುತ್ತದೆ. ಪವರ್ ಫ್ಯಾಕ್ಟರ್ ಸುಧಾರಿಸಲು ಮೋಟಾರಿಗೆ ಕಂಡೆನ್ಸರ್ ಜೋಡಿಸುವುದು ಇದಕ್ಕಾಗಿಯೇ.

ಪರೀಕ್ಷೆಯಲ್ಲಿ ಎಡವುವ ಜಾಗ

√−4 × √−9 ಎಷ್ಟು? ಒಳಗಿನದನ್ನು ಗುಣಿಸಿ √36 = 6 ಎಂದು ಬರೆದರೆ ತಪ್ಪು. ಮೊದಲು ಐ ಹೊರತೆಗೆಯಬೇಕು: 2ಐ × 3ಐ = −6. ವರ್ಗಮೂಲಗಳನ್ನು ಒಂದೇ ಚಿಹ್ನೆಯೊಳಗೆ ಸೇರಿಸುವ ನಿಯಮ ಎರಡೂ ಋಣವಾದಾಗ ನಡೆಯುವುದಿಲ್ಲ.

ಇನ್ನೊಂದು, ‘3 + 2ಐ ದೊಡ್ಡದೋ 2 + 5ಐ ದೊಡ್ಡದೋ’ ಎಂಬ ಪ್ರಶ್ನೆ. ಇದಕ್ಕೆ ಉತ್ತರವಿಲ್ಲ. ಐ ಸೊನ್ನೆಗಿಂತ ದೊಡ್ಡದೆಂದು ಇಟ್ಟುಕೊಂಡರೆ ಐ × ಐ ಕೂಡ ಸೊನ್ನೆಗಿಂತ ದೊಡ್ಡದಾಗಬೇಕು, ಆಗುವುದು −1. ಚಿಕ್ಕದೆಂದರೆ −ಐ ದೊಡ್ಡದಾಗಬೇಕು, ಅದರ ವರ್ಗವೂ −1. ಗೆರೆಯ ಮೇಲೆ ಎಡ ಬಲ ಇರುವುದರಿಂದ ಹೆಚ್ಚು ಕಡಿಮೆ ಇದೆ. ಬಯಲಿನಲ್ಲಿ ಹೊನ್ನಾಳಿಗಿಂತ ಜಗಳೂರು ‘ಹೆಚ್ಚು’ ಎನ್ನುವುದಕ್ಕೆ ಅರ್ಥವಿಲ್ಲ. ಹೋಲಿಸಬಹುದಾದದ್ದು ಮಾಡ್ಯುಲಸ್ಸನ್ನು, ಅಂದರೆ ದೂರವನ್ನು ಮಾತ್ರ.

ಮಾಡಿ ನೋಡಿ

1. ನ್ಯಾಮತಿಯಿಂದ ಚನ್ನಗಿರಿಯ ನೇರ ದೂರ ಲೆಕ್ಕ ಹಾಕಿ. ಉತ್ತರ: ವ್ಯತ್ಯಾಸ 38 − 13ಐ, ದೂರ ಸುಮಾರು 40 ಕಿಲೋಮೀಟರ್.

2. ಸೊನ್ನೆಯನ್ನು ದಾವಣಗೆರೆಯಿಂದ ಚನ್ನಗಿರಿಗೆ ಬದಲಿಸಿ, ಉಳಿದ ಊರುಗಳ ಸಂಖ್ಯೆ ಮತ್ತೆ ಬರೆಯಿರಿ. ಉತ್ತರ: ಎಲ್ಲದಕ್ಕೂ 48ಐ ಕೂಡಬೇಕು. ದಾವಣಗೆರೆ 48ಐ, ಜಗಳೂರು 45 + 54ಐ, ಹೊನ್ನಾಳಿ −28 + 24ಐ, ನ್ಯಾಮತಿ −38 + 13ಐ. ಸಂಖ್ಯೆಗಳೆಲ್ಲ ಬದಲಾದವು, ಹೊನ್ನಾಳಿಯಿಂದ ಜಗಳೂರಿಗೆ ವ್ಯತ್ಯಾಸ ಮಾತ್ರ ಆಗಲೂ 73 + 30ಐ, ಈಗಲೂ 73 + 30ಐ.

3. ನಿಮ್ಮ ತಾಲೂಕು ಕೇಂದ್ರವನ್ನು ಸೊನ್ನೆಯಲ್ಲಿಟ್ಟು ನಿಮ್ಮ ಊರಿನ ಸಂಖ್ಯೆ ಬರೆಯಿರಿ. ಅದನ್ನು ಐ, −1, −ಐಗಳಿಂದ ಗುಣಿಸಿ, ಆ ಮೂರು ಬಿಂದುಗಳಲ್ಲಿ ಯಾವ ಊರುಗಳಿವೆ ಎಂದು ನಕ್ಷೆಯಲ್ಲಿ ಹುಡುಕಿ. ಈ ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿ ಸಿಗುವುದಿಲ್ಲ. ಆ ಊರಿನಿಂದ ಕಾಲೇಜಿಗೆ ಬರುವ ಸಹಪಾಠಿಯನ್ನು ಕೇಳಿ ತಾಳೆ ನೋಡಬೇಕು.